ವಯಸ್ಸಿನ ತಲೆಗೆ ಕಟ್ಟಿದ ಕಿವುಡು

ಅರ್ಗಾದಲ್ಲಿರುವ ನಮ್ಮ ಕಾಕಾನ ಮನೆಯ ಜಗುಲಿಯಲ್ಲಿ ಕೂತರೆ ಎದುರಿಗೇ ರಾಷ್ಟ್ರೀಯ ಹೆದ್ದಾರಿ 66, ಅದರಾಚೆ ನೌಕಾನೆಲೆಯ ಗೋಡೆ. ಕಾಕಾನಿಗೆ ಈಗ ಅರವತ್ತೆಂಟು. ಬೈತಖೋಲ ಬಂದರಿನಿಂದ ಹೊರಡುವ ಟ್ರಾಲ್ ಬೋಟುಗಳಲ್ಲಿ ಮೂವತ್ತು ವರ್ಷ ಡ್ರೈವರ್ ಆಗಿದ್ದವ. ಮೊಣಕಾಲು ಬಿಟ್ಟರೆ ಉಳಿದದ್ದೆಲ್ಲ ಗಟ್ಟಿ. ಮೊನ್ನೆ ಹೋದಾಗ ಒಳಗಿನಿಂದ ಸೊಸೆ "ಮಾವಾ, ಚಾ ತರ್ಲಾ?" ಎಂದಳು. ಉತ್ತರವಿಲ್ಲ. ಮತ್ತೊಮ್ಮೆ ಕೇಳಿದಳು. ಇಲ್ಲ. ಬಾಗಿಲಿಗೆ ಬಂದು ದನಿ ಏರಿಸಿದಾಗ ಕಾಕಾ ಸಿಡುಕಿದ: "ನಂಗೆ ಕೇಳ್ತದೆ, ಕೂಗೂದು ಎಂತಕ್ಕೆ?" ಸೊಸೆ ನನ್ನ ಕಡೆ ತಿರುಗಿ ನಕ್ಕಳು. "ವಯಸ್ಸಾಯ್ತಲ್ಲ."

ಅಷ್ಟರಲ್ಲಿ ಹಿತ್ತಿಲಿನಿಂದ ಅತ್ತೆಯ ದನಿ ಬಂತು. ಅತ್ತೆ ಎಂದರೆ ಕಾಕಾನ ಅಕ್ಕ, ಎಪ್ಪತ್ತೊಂಬತ್ತರ ಮುದುಕಿ. ಬಾವಿಕಟ್ಟೆಯ ಹತ್ತಿರ ಅಬ್ಬಲಿಗೆ ಕೊಯ್ಯುತ್ತಿದ್ದವಳು ಅಲ್ಲಿಂದಲೇ ಕೂಗಿದಳು: "ಮೀನಿನವಳು ಬಂದ್ಲು ಕಾಣ್ತದೆ, ಬಾಂಗಡೆಯಾ ತಾರ್ಲೆಯಾ ಕೇಳೇ." ಜಗುಲಿಯಲ್ಲಿದ್ದ ನಮಗೆ ಯಾರಿಗೂ ಏನೂ ಕೇಳಿಸಿರಲಿಲ್ಲ. ಮೀನಿನವಳು ಅಂಗಳಕ್ಕೆ ಬಂದದ್ದು ಆಮೇಲೆ.

ಒಂದೇ ತಾಯಿಯ ಮಕ್ಕಳು, ಒಂದೇ ಮನೆಯ ಗಂಜಿ ಉಂಡು ಬೆಳೆದವರು. ಹನ್ನೊಂದು ವರ್ಷ ದೊಡ್ಡವಳಿಗೆ ಕೇಳುತ್ತದೆ, ಸಣ್ಣವನಿಗೆ ಕೇಳುವುದಿಲ್ಲ. ವಯಸ್ಸೇ ಕಾರಣವಾದರೆ ಈ ಲೆಕ್ಕ ತಿರುವುಮುರುವಾದದ್ದು ಹೇಗೆ? ಒಂದು ಮನೆಯ ಎರಡು ಜೋಡಿ ಕಿವಿ ಇಟ್ಟುಕೊಂಡು ಸಿದ್ಧಾಂತ ಕಟ್ಟಲು ಬರುವುದಿಲ್ಲ, ಒಪ್ಪಿದೆ. ಆದರೆ "ವಯಸ್ಸಾಯ್ತಲ್ಲ" ಎನ್ನುವುದೂ ಒಂದು ಸಿದ್ಧಾಂತವೇ. ಅದನ್ನು ಕಟ್ಟಿದವರು ಯಾವ ಕಿವಿಯನ್ನೂ ಪರೀಕ್ಷೆ ಮಾಡಿ ಕಟ್ಟಿದವರಲ್ಲ. ಊರಿಗೆ ಊರೇ ನಂಬಿರುವ ಆ ಮಾತಿನ ಮೇಲೆ ನನ್ನ ತಕರಾರಿದೆ.

ಆ ಮಾತಿನಲ್ಲಿ ಎರಡು ವಾದ ಅಡಗಿವೆ. ಮೊದಲನೆಯದು, ಕಿವಿ ಮಂದವಾಗುವುದು ಕೂದಲು ನರೆತ ಹಾಗೆ, ತಾನಾಗಿ ಆಗುವಂಥದ್ದು. ಎರಡನೆಯದು, ಆದ್ದರಿಂದ ಮಾಡುವುದೇನೂ ಇಲ್ಲ. ಮೊದಲನೆಯದು ಕಾಲು ಭಾಗ ನಿಜ, ಮುಕ್ಕಾಲು ಸೋಮಾರಿತನ. ಎರಡನೆಯದು ಪೂರಾ ಸುಳ್ಳು.

ನಿಜದ ಭಾಗ ಮೊದಲು ಹೇಳುತ್ತೇನೆ. ಒಳಗಿವಿಯಲ್ಲಿ ಶಂಖದ ಹಾಗೆ ಸುತ್ತಿಕೊಂಡ ಒಂದು ಕೊಳವೆ ಇದೆ, ಕಾಕ್ಲಿಯಾ. ಅದರ ಒಳಗೋಡೆಗುಂಟ ಸಾಲಾಗಿ ನಿಂತ ರೋಮಕೋಶಗಳು, ಒಂದೊಂದು ಕಿವಿಗೆ ಸುಮಾರು 15,000. ಸದ್ದಿನ ಅಲೆ ಬಂದಾಗ ಅವುಗಳ ತಲೆಯ ಮೇಲಿನ ಕುಚ್ಚು ಬಾಗುತ್ತದೆ, ಬಾಗಿದ್ದು ವಿದ್ಯುತ್ತಾಗಿ ನರಕ್ಕೆ ಹೋಗುತ್ತದೆ. ಶಂಖದ ಬಾಯಿಯ ಹತ್ತಿರದ ಕೋಶಗಳು ಕೀಚಲು ದನಿಯವು, ಒಳತುದಿಯವು ಗಡಸು ದನಿಯವು. ಹಕ್ಕಿಗಳಲ್ಲಿ ಸತ್ತ ರೋಮಕೋಶದ ಜಾಗಕ್ಕೆ ಹೊಸದು ಹುಟ್ಟುತ್ತದೆ. ನಮ್ಮಲ್ಲಿ ಹುಟ್ಟುವುದಿಲ್ಲ. ತಾಯಿಯ ಹೊಟ್ಟೆಯಿಂದ ತಂದ ಗಂಟು ಅಷ್ಟೇ, ಅದನ್ನೇ ಸಾಯುವ ತನಕ ಖರ್ಚು ಮಾಡಬೇಕು. ಕಾಲ ಕಳೆದ ಹಾಗೆ ಈ ಕೋಶಗಳೂ, ಅವಕ್ಕೆ ಶಕ್ತಿ ಒದಗಿಸುವ ರಕ್ತನಾಳದ ಪಟ್ಟಿಯೂ, ಮಿದುಳಿಗೆ ಸುದ್ದಿ ಒಯ್ಯುವ ನರದ ಎಳೆಗಳೂ ಸವೆಯುತ್ತವೆ. ಕೆಲವರ ಮನೆತನದಲ್ಲೇ ಇದು ಬೇಗ ಬರುತ್ತದೆ. ಇದಿಷ್ಟಕ್ಕೆ ವಯಸ್ಸನ್ನು ದೂರಿ, ನನ್ನ ಅಡ್ಡಿಯಿಲ್ಲ.

ಮೊದಲು ಹೋಗುವುದು ಶಂಖದ ಬಾಯಿಯ ಕೋಶಗಳು. ಅದರ ಪರಿಣಾಮವನ್ನು ಕನ್ನಡದಲ್ಲೇ ಕೇಳಿ. ಅ, ಆ, ಓ ಎಂಬ ಸ್ವರಗಳು ಗಡಸು ದನಿಯವು, ಅವು ಉಳಿಯುತ್ತವೆ. ಸ, ಶ, ತ, ಕ ಇಂಥ ವ್ಯಂಜನಗಳ ಸದ್ದು ತೆಳ್ಳಗಿನದು, ಮೇಲ್ಮಟ್ಟದ್ದು, ಅವು ಹಾರಿಹೋಗುತ್ತವೆ. ಆಗ ಹಾಲು, ಸಾಲು, ಕಾಲು, ಶಾಲು ಎಲ್ಲವೂ 'ಆಲು' ಆಗಿ ಕಿವಿಗೆ ಬೀಳುತ್ತವೆ. ಮಾತಾಡಿದ್ದು ಗೊತ್ತಾಗುತ್ತದೆ, ಏನು ಮಾತಾಡಿದ್ದು ಗೊತ್ತಾಗುವುದಿಲ್ಲ. ಅದಕ್ಕೇ ಕಾಕಾ "ನಂಗೆ ಕೇಳ್ತದೆ" ಎನ್ನುವುದು. ಅವನು ಸುಳ್ಳು ಹೇಳುತ್ತಿಲ್ಲ. ಮೆಲ್ಲಗೆ ಹೇಳಿದರೆ ಮುಟ್ಟುವುದಿಲ್ಲ, ಕೂಗಿದರೆ ಕಿವಿಗೆ ಬಡಿಯುತ್ತದೆ. ಹಾಳಾದ ಒಳಗಿವಿಯಲ್ಲಿ ಈ ಎರಡರ ನಡುವಿನ ಜಾಗವೇ ಕಿರಿದಾಗಿಬಿಟ್ಟಿರುತ್ತದೆ. ಮನೆಮಂದಿ ಇದಕ್ಕೆ ಇಟ್ಟ ಹೆಸರು "ಬೇಕಾದ್ದು ಮಾತ್ರ ಕೇಳ್ತದೆ ಅವ್ರಿಗೆ" ಎಂದು. ರೋಗಕ್ಕೆ ಠಕ್ಕುತನದ ಪಟ್ಟ ಕಟ್ಟುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಇನ್ನು ಮುಕ್ಕಾಲು ಭಾಗಕ್ಕೆ ಬರೋಣ. ಸದ್ದು ಕಿವಿಯನ್ನು ತಿನ್ನುತ್ತದೆ ಎಂಬುದು ನಿನ್ನೆ ಮೊನ್ನೆ ಗೊತ್ತಾದದ್ದಲ್ಲ. ಕಸುಬಿನ ರೋಗಗಳ ಬಗ್ಗೆ ಗ್ರಂಥ ಬರೆದ ಇಟಲಿಯ ವೈದ್ಯ ರಮಝೀನಿ, ವೆನಿಸ್ಸಿನ ತಾಮ್ರದ ಕೆಲಸಗಾರರು ಬಡಿದು ಬಡಿದು ಕಿವುಡರಾಗುವುದನ್ನು ಹದಿನೆಂಟನೇ ಶತಮಾನದ ಆರಂಭದಲ್ಲೇ ಗುರುತಿಸಿದ್ದ. 1886ರಲ್ಲಿ ಗ್ಲಾಸ್ಗೋದ ವೈದ್ಯ ಥಾಮಸ್ ಬಾರ್, ಬಾಯ್ಲರ್ ಬಡಿಯುವವರ ಕಿವಿಯನ್ನೂ ಅಂಚೆ ಹಂಚುವವರ ಕಿವಿಯನ್ನೂ ಹೋಲಿಸಿ ನೋಡಿದ. ಅದೇ ಊರು, ಅದೇ ಕಾಲ. ಅಂಚೆಯವನ ಕಿವಿ ಬಹುಮಟ್ಟಿಗೆ ನೆಟ್ಟಗಿತ್ತು, ಬಾಯ್ಲರಿನವನದು ಹೋಗಿತ್ತು. ಅವರಿಬ್ಬರ ನಡುವೆ ಇದ್ದದ್ದು ಸುತ್ತಿಗೆ.

1960ರ ಸುಮಾರಿಗೆ ಅಮೆರಿಕದ ಕಿವಿವೈದ್ಯ ಸ್ಯಾಮ್ಯುಯೆಲ್ ರೋಸೆನ್ ಸುಡಾನಿನ ಮಬಾನ್ ಜನರ ನಡುವೆ ಹೋದ. ಯಂತ್ರವಿಲ್ಲ, ಕೋವಿಯಿಲ್ಲ, ಹಳ್ಳಿಯ ತುಂಬ ಎಲೆಯಲುಗಿನಷ್ಟೇ ಸದ್ದು. ಅಲ್ಲಿನ ಎಪ್ಪತ್ತು ದಾಟಿದವರ ಕಿವಿ ಅದೇ ವಯಸ್ಸಿನ ಅಮೆರಿಕನ್ನರ ಕಿವಿಗಿಂತ ಎಷ್ಟೋ ಚುರುಕಾಗಿತ್ತು. ಇದಕ್ಕೆ ಎದುರುವಾದ ಬಂತು: ಅವರ ವಯಸ್ಸು ಅಂದಾಜಿನದು, ಅವರ ಊಟ ಬೇರೆ, ವಂಶ ಬೇರೆ. ನ್ಯಾಯವಾದ ಆಕ್ಷೇಪವೇ. ಹಾಗಿದ್ದರೆ ವಂಶ ಒಂದೇ ಇರುವ ಕಡೆ ನೋಡೋಣ. ಈಸ್ಟರ್ ದ್ವೀಪದ ಮೂಲನಿವಾಸಿಗಳ ಕಿವಿಯನ್ನು 1980ರ ದಶಕದಲ್ಲಿ ಪರೀಕ್ಷೆ ಮಾಡಿದಾಗ, ದ್ವೀಪದಲ್ಲೇ ಉಳಿದವರಿಗಿಂತ ಚಿಲಿಯ ಪೇಟೆಗಳಲ್ಲಿ ವರ್ಷಗಟ್ಟಲೆ ಇದ್ದು ಬಂದವರ ಕಿವಿ ಹೆಚ್ಚು ಕೆಟ್ಟಿತ್ತು. ನಮ್ಮ ಅತ್ತೆ ಕಾಕಾರ ಕಥೆಯೇ ಅದು, ಒಂದು ಸಾಗರದಷ್ಟು ದೂರದಲ್ಲಿ.

ಕಿವಿಯ ಒಳಗಿನ ಸಾಕ್ಷ್ಯವೂ ಇದೆ. ಸತ್ತ ಮೇಲೆ ದಾನವಾಗಿ ಬಂದ 120 ಒಳಗಿವಿಗಳನ್ನು ಬಾಸ್ಟನ್ನಿನ ಸಂಶೋಧಕರು ಸೂಕ್ಷ್ಮದರ್ಶಕದಡಿ ಎಣಿಸಿ 2020ರಲ್ಲಿ ವರದಿ ಪ್ರಕಟಿಸಿದರು. ಮುಪ್ಪಿನ ಕಿವುಡಿಗೆ ಮುಖ್ಯ ಕಾರಣ ಶಕ್ತಿ ಒದಗಿಸುವ ಪಟ್ಟಿ ಬತ್ತುವುದು ಎಂಬ ಹಳೆಯ ನಂಬಿಕೆ ಅಲ್ಲಿ ಉಳಿಯಲಿಲ್ಲ. ಮುಖ್ಯ ಕಾರಣ ರೋಮಕೋಶಗಳ ಸಾವು ಎಂದು ಕಂಡಿತು. ಸದ್ದಿಲ್ಲದ ಪ್ರಯೋಗಾಲಯದಲ್ಲಿ ಮುದಿಯಾಗುವ ಪ್ರಾಣಿಗಳಲ್ಲಿ ಅಷ್ಟು ಸಾವು ಕಾಣುವುದಿಲ್ಲ. ಅದಕ್ಕೂ ಮುಂಚೆ, 2006ರಲ್ಲಿ, ಇಲಿಗಳ ಮೇಲಿನ ಪ್ರಯೋಗವೊಂದು ಇನ್ನೂ ಹೆದರಿಸುವ ವಿಷಯ ಹೇಳಿತ್ತು. ಎಳೆಯದರಲ್ಲಿ ಗದ್ದಲಕ್ಕೆ ಸಿಕ್ಕ ಇಲಿಯ ಕಿವಿ, ಗದ್ದಲ ನಿಂತ ಎಷ್ಟೋ ಕಾಲದ ನಂತರವೂ ಬೇರೆ ಇಲಿಗಳಿಗಿಂತ ಬೇಗ ಬೇಗ ಸವೆಯುತ್ತ ಹೋಗುತ್ತದೆ. ಇಪ್ಪತ್ತರಲ್ಲಿ ಮಾಡಿದ ಸಾಲವನ್ನು ಅರವತ್ತರಲ್ಲಿ ಬಡ್ಡಿ ಸಮೇತ ವಸೂಲಿ ಮಾಡುವುದು ಎಂದರೆ ಇದೇ. ವಸೂಲಿಗೆ ಬಂದ ದಿನ ಬಾಗಿಲಲ್ಲಿ ವಯಸ್ಸು ನಿಂತಿರುತ್ತದೆ, ನಾವು ಅದನ್ನೇ ಕಳ್ಳ ಎಂದು ಹಿಡಿಯುತ್ತೇವೆ.

ಕಳ್ಳ ಬಿಟ್ಟುಹೋದ ಹೆಜ್ಜೆಗುರುತೂ ಸಿಗುತ್ತದೆ, ಬೇಗ ಹೋಗಿ ನೋಡಿದರೆ. ಕಿವಿ ಪರೀಕ್ಷೆಯ ನಕ್ಷೆಯಲ್ಲಿ ವಯಸ್ಸಿನ ಗೆರೆ ಮೆಲ್ಲಗೆ ಇಳಿಜಾರಾಗುತ್ತ ಹೋಗುತ್ತದೆ. ಸದ್ದಿನಿಂದ ಕೆಟ್ಟ ಕಿವಿಯಲ್ಲಿ 4,000 ಹರ್ಟ್ಸಿನ ಸುತ್ತ ಒಂದು ಗುಂಡಿ ಬೀಳುತ್ತದೆ, ಅದರಾಚೆ ಗೆರೆ ಮತ್ತೆ ಏರುತ್ತದೆ. ನಲವತ್ತರಲ್ಲಿ ಪರೀಕ್ಷೆ ಮಾಡಿದರೆ ಗುಂಡಿ ಸ್ಪಷ್ಟ. ಎಪ್ಪತ್ತರ ಹೊತ್ತಿಗೆ ವಯಸ್ಸಿನ ಇಳಿಜಾರು ಆ ಗುಂಡಿಯನ್ನು ನುಂಗಿ ಸಪಾಟು ಮಾಡಿರುತ್ತದೆ. ನಾವು ಪರೀಕ್ಷೆಗೆ ಹೋಗುವುದೇ ಎಪ್ಪತ್ತರಲ್ಲಿ, ಹೋದರೆ.

ಕಳ್ಳ ಒಬ್ಬನೇ ಅಲ್ಲ. 1943ರಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ದಶಕಗಳ ಕಾಲ ಕ್ಷಯಕ್ಕೆ ಕೊಟ್ಟ ಸೂಜಿಮದ್ದು. ಜೀವ ಉಳಿಸಿತು, ಎಷ್ಟೋ ಜನರ ಒಳಗಿವಿಯನ್ನು ಕೆಡಿಸಿತು. ಅದೇ ಕುಲದ ಜೆಂಟಾಮೈಸಿನ್, ಅಮಿಕಾಸಿನ್ ಇವತ್ತಿಗೂ ಬಳಕೆಯಲ್ಲಿವೆ. ಚಿಕ್ಕಂದಿನಲ್ಲಿ ಸೋರಿದ ಕಿವಿಗೆ ಎಣ್ಣೆ ಬಿಟ್ಟು ಸುಮ್ಮನಾದವರ ತಮಟೆಯಲ್ಲಿ ತೂತು ಉಳಿದಿರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಇವೆಲ್ಲ ಒಳಗಿವಿಯ ಕೂದಲೆಳೆಯಂಥ ರಕ್ತನಾಳಗಳಿಗೆ ವೈರಿಗಳು. ಎಲ್ಲಕ್ಕಿಂತ ನಾಚಿಕೆಗೇಡಿನ ಕಾರಣ ಗುಗ್ಗೆ. ನಮ್ಮ ಕೇರಿಯ ಅಜ್ಜಿಯೊಬ್ಬಳನ್ನು ಎರಡು ವರ್ಷ ಕಿವುಡಿ ಎಂದೇ ಕರೆದರು. ಕಾಲುನೋವಿಗೆಂದು ಆಸ್ಪತ್ರೆಗೆ ಹೋದಾಗ ವೈದ್ಯರೊಬ್ಬರು ಕಿವಿಗೆ ದೀಪ ಹಿಡಿದು ನೋಡಿದರು. ಕಲ್ಲಿನ ಹಾಗೆ ಗಟ್ಟಿಯಾದ ಗುಗ್ಗೆ. ತೆಗೆದ ಮೇಲೆ ಅಜ್ಜಿ ಮೊದಲು ಕೇಳಿದ್ದು, "ಆ ಫ್ಯಾನು ಇಷ್ಟು ಸದ್ದು ಮಾಡ್ತದನಾ?" ಎಂದು. ಎರಡು ವರ್ಷದ ಕಿವುಡು ಹದಿನೈದು ನಿಮಿಷದಲ್ಲಿ ಹೋಯಿತು. ಆ ಎರಡು ವರ್ಷ ಊರೆಲ್ಲ ಹೇಳಿದ್ದು ಒಂದೇ ಮಾತು: ವಯಸ್ಸಾಯ್ತಲ್ಲ.

ಇಷ್ಟು ಪೊಳ್ಳಾದ ಮಾತು ಇಷ್ಟು ಗಟ್ಟಿಯಾಗಿ ನಿಂತಿರುವುದು ಯಾಕೆ? ಅದು ಯಾರ ಕಿಸೆಗೂ ಭಾರವಲ್ಲ, ಅದಕ್ಕೆ. ಗದ್ದಲ ಕಾರಣ ಎಂದರೆ ಗದ್ದಲ ಮಾಡಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ವಯಸ್ಸು ಕಾರಣ ಎಂದರೆ ಹುಟ್ಟಿಸಿದ ದೇವರೇ ಆರೋಪಿ, ಅವನ ಮೇಲೆ ಕೇಸು ಹಾಕುವವರು ಯಾರು? ಶಬ್ದದಿಂದ ಬರುವ ಕಿವುಡು ಕಾರ್ಖಾನೆ ಕಾನೂನಿನ ವೃತ್ತಿರೋಗಗಳ ಪಟ್ಟಿಯಲ್ಲಿದೆ, ಕಾರ್ಮಿಕ ಪರಿಹಾರದ ಕಾನೂನಿನಲ್ಲೂ ಇದೆ. ಪರಿಹಾರ ಕೇಳಬಹುದಾದ ಗಾಯ ಅದು. ಆದರೆ ಬೋಟು ಕಾರ್ಖಾನೆಯಲ್ಲ. ಖಲಾಸಿ, ತಾಂಡೇಲ, ಡ್ರೈವರ್ ಇವರ ಕಿವಿಯನ್ನು ಕೆಲಸಕ್ಕೆ ಸೇರುವಾಗ ಅಳೆದವರಿಲ್ಲ, ಬಿಡುವಾಗ ಅಳೆದವರೂ ಇಲ್ಲ. ಡೀಸೆಲ್ ಎಂಜಿನ್ನಿನ ಮಗ್ಗುಲಲ್ಲೇ ಹಗಲು ರಾತ್ರಿ ಕಳೆದವನ ಕಿವುಡು ದಡಕ್ಕೆ ಬಂದ ಮೇಲೆ ಮುಪ್ಪಿನ ಲೆಕ್ಕಕ್ಕೆ ಜಮೆಯಾಗುತ್ತದೆ. ಕ್ವಾರಿಯಲ್ಲಿ ಕಲ್ಲು ಕೊರೆದವನದೂ ಅಷ್ಟೆ, ಮರದ ಮಿಲ್ಲಿನವನದೂ ಅಷ್ಟೆ.

ಎಂಟು ಗಂಟೆಗೆ 85 ಡೆಸಿಬೆಲ್, ಅದರ ಮೇಲೆ ಪ್ರತಿ ಮೂರು ಡೆಸಿಬೆಲ್ಲಿಗೆ ಸಮಯ ಅರ್ಧ ಮಾಡಬೇಕು ಎನ್ನುವುದು ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಕಾರ್ಖಾನೆ ನಿಯಮಗಳು ಎಂಟು ಗಂಟೆಗೆ 90ರ ತನಕ ಬಿಟ್ಟಿವೆ. ಐದೇ ಅಂಕದ ಅಂತರ ಎಂದುಕೊಳ್ಳಬೇಡಿ, ಸದ್ದಿನ ಶಕ್ತಿಯಲ್ಲಿ ಅದು ಮೂರು ಪಟ್ಟಿಗೂ ಹೆಚ್ಚು. ಅಳೆಯುವ ಯಂತ್ರ ಬೇಕಿಲ್ಲ: ಎರಡು ಮೊಳ ದೂರದಲ್ಲಿ ನಿಂತವನಿಗೆ ಕೂಗಿಯೇ ಹೇಳಬೇಕಾದ ಜಾಗವೆಂದರೆ 85 ದಾಟಿತು ಎಂದೇ ಅರ್ಥ. ಬೋಟಿನ ಎಂಜಿನ್ನಿನ ಹತ್ತಿರ ಕೂಗಿದರೂ ಕೇಳುವುದಿಲ್ಲ, ಕೈಸನ್ನೆಯೇ ಭಾಷೆ.

ಕೆಲಸದ ಜಾಗ ಬಿಡಿ, ಗಣೇಶನ ಹಬ್ಬವನ್ನೇ ತೆಗೆದುಕೊಳ್ಳಿ. ನಮ್ಮ ಕರಾವಳಿಯಲ್ಲಿ ಚವತಿಗೆ ಗರ್ನಾಲು, ಮಾಲೆ ಪಟಾಕಿ ಇಲ್ಲದಿದ್ದರೆ ಹಬ್ಬವೇ ಅಲ್ಲ ಎನ್ನುತ್ತಾರೆ. ಪಟಾಕಿಗೆ ಕಾನೂನು ಇಟ್ಟ ಮಿತಿಯೇ ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬೆಲ್. ನಾಲ್ಕು ಮೀಟರ್ ದೂರ ನಿಂತು ಪಟಾಕಿ ಹಚ್ಚಿದ ಹುಡುಗನನ್ನು ತೋರಿಸಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನವಸತಿಯಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್, ಹತ್ತರ ಮೇಲೆ ಧ್ವನಿವರ್ಧಕ ಬಂದ್. ನಿಯಮ ಪುಸ್ತಕದಲ್ಲಿದೆ, ಡಿಜೆ ಪೆಟ್ಟಿಗೆ ರಸ್ತೆಯಲ್ಲಿದೆ. ಎದೆ ನಡುಗಿಸುವ ಪೆಟ್ಟಿಗೆಯ ಎದುರು ಮೂರು ತಾಸು ಕುಣಿದ ಹುಡುಗರ ಮೇಲೆ ಅಜ್ಜಂದಿರು ಸಿಟ್ಟಾಗುತ್ತಾರೆ, "ನಮಗೆ ನಿದ್ದೆ ಇಲ್ಲ" ಎಂದು. ಸಿಟ್ಟಾಗಬೇಕಾದದ್ದು ಬೇರೆ ಕಾರಣಕ್ಕೆ. ಅಲ್ಲಿ ಕೆಡುತ್ತಿರುವುದು ಮೊಮ್ಮಕ್ಕಳ ಅರವತ್ತನೇ ವರ್ಷ.

"ಹಿಂದಿನವರಿಗೂ ಮುಪ್ಪಿನಲ್ಲಿ ಕಿವಿ ಮಂದವಾಗುತ್ತಿರಲಿಲ್ಲವೇ?" ಎಂದು ಕೇಳುವವರಿದ್ದಾರೆ. ಆಗುತ್ತಿತ್ತು. ಎಷ್ಟು ಬೇಗ, ಎಷ್ಟು ಜನರಿಗೆ ಎಂಬುದು ಪ್ರಶ್ನೆ. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದು ಮೂಲೆಗೆ ತಳ್ಳುವ ತನಕ ಈ ದಂಡೆಯಲ್ಲಿ ರಂಪಣಿ ಬಲೆಯ ಕಾಲ. ಹತ್ತಾರು ಜನ ಎರಡು ಸಾಲಾಗಿ ನಿಂತು ಬಲೆ ಎಳೆಯುವಾಗ ಇದ್ದ ದೊಡ್ಡ ಸದ್ದು ಅವರದೇ ಕೂಗು, ಮತ್ತೆ ಅಲೆಯದು. ಅಂಕೋಲೆಯ ಹಾಲಕ್ಕಿ ಸಮುದಾಯದ ಹಾಡು ಪುಸ್ತಕವಿಲ್ಲದೆ ಕಿವಿಯಿಂದ ಕಿವಿಗೇ ಇಳಿದು ಬಂದದ್ದು. ಬಡಗೇರಿಯ ಸುಕ್ರಿ ಬೊಮ್ಮಗೌಡರು ಅಂಥ ರಾಶಿ ಹಾಡನ್ನು ನೆನಪಿನಲ್ಲಿ ಹೊತ್ತು 2017ರಲ್ಲಿ ಪದ್ಮಶ್ರೀ ಪಡೆದರು. ಹಾಗೆ ಹಾಡು ದಾಟಬೇಕಾದರೆ ಹೇಳುವವರಿಗೂ ಕೇಳುವವರಿಗೂ ಕಿವಿ ನೆಟ್ಟಗಿರಬೇಕು.

ಈಗ ಎರಡನೆಯ ವಾದ, ಮಾಡುವುದೇನೂ ಇಲ್ಲ ಎಂಬುದು. ಇದರ ಪೊಳ್ಳನ್ನು ನಮ್ಮ ಭಾಷೆಯೇ ತೋರಿಸುತ್ತದೆ. ನಲವತ್ತಕ್ಕೆ ಹತ್ತಿರದ ಅಕ್ಷರ ಮಸುಕಾದರೆ "ಚಾಳೀಸು ಬಂತು" ಎನ್ನುತ್ತೇವೆ. ವಯಸ್ಸಿನ ಹೆಸರನ್ನೇ ಕನ್ನಡಕಕ್ಕೆ ಇಟ್ಟಿದ್ದೇವೆ! ವಯಸ್ಸಾಯ್ತು, ಇನ್ನು ಪೇಪರ್ ಓದಬೇಡ ಎಂದು ಯಾರೂ ಹೇಳುವುದಿಲ್ಲ, ಮೂಗಿನ ಮೇಲೆ ಕನ್ನಡಕ ಏರಿಸಿ ಕೂರಿಸುತ್ತೇವೆ. ಡಾ. ಎಂ. ಸಿ. ಮೋದಿಯವರು ಊರೂರಿಗೆ ಕಣ್ಣಿನ ಶಿಬಿರ ಒಯ್ದರು, ಪೊರೆ ತೆಗೆಸಿಕೊಳ್ಳುವುದನ್ನು ಜನ ಕಲಿತರು. ಪೊರೆಯೂ ವಯಸ್ಸಿನಿಂದಲೇ ಬರುವುದು, ಅದಕ್ಕಾಗಿ ಯಾರೂ ಕೈಕಟ್ಟಿ ಕೂರಲಿಲ್ಲ. ಕಿವಿಗೆ ಅಂಥ ಪುಣ್ಯವಿಲ್ಲ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1976ರಲ್ಲಿ. ಕಿವುಡುತನದ್ದು 25 ಜಿಲ್ಲೆಗಳಲ್ಲಿ ಪ್ರಯೋಗವಾಗಿ ಆರಂಭವಾದದ್ದು 2006-07ರಲ್ಲಿ. ಮೂವತ್ತು ವರ್ಷ ಸರ್ಕಾರಕ್ಕೂ ಕಿವಿ ಕೇಳಿಸಿರಲಿಲ್ಲ. ಮೈಸೂರಿನಲ್ಲಿ 1965ರಿಂದಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ನಾಡು ನಮ್ಮದು ಎಂಬುದನ್ನು ಇಲ್ಲಿ ನೆನೆಯಬೇಕು.

ಕಾನೂನಿನ ಅಳತೆಗೋಲೂ ವಿಚಿತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಯಲ್ಲಿ 60 ಡೆಸಿಬೆಲ್ ನಷ್ಟವಾದ ಮೇಲೆಯೇ ಶ್ರವಣದೋಷದ ಲೆಕ್ಕ. 50 ಕಳೆದುಕೊಂಡವನಿಗೆ ಮಾಮೂಲಿ ಮಾತು ಮುಟ್ಟುವುದಿಲ್ಲ, ಸರ್ಕಾರದ ಲೆಕ್ಕದಲ್ಲಿ ಮಾತ್ರ ಅವನಿಗೆ ಏನೂ ಆಗಿಲ್ಲ. 2017ರ ವಯೋಶ್ರೀ ಯೋಜನೆ ಬಡ ಹಿರಿಯರಿಗೆ ಊರುಗೋಲು, ಕನ್ನಡಕದ ಜೊತೆ ಶ್ರವಣಯಂತ್ರವನ್ನೂ ಕೊಡುತ್ತದೆ, ಒಳ್ಳೆಯದು. ಆದರೆ ಶ್ರವಣಯಂತ್ರ ಊರುಗೋಲಲ್ಲ, ಕೈಗೆ ಕೊಟ್ಟರೆ ಮುಗಿಯಿತು ಎನ್ನಲು. ಅವರವರ ನಕ್ಷೆಗೆ ಹೊಂದಿಸಬೇಕು, ವಾರಗಟ್ಟಲೆ ರೂಢಿ ಮಾಡಿಸಬೇಕು. ವರ್ಷಾನುಗಟ್ಟಲೆ ಸದ್ದು ಮರೆತ ಮಿದುಳಿಗೆ ಮೊದಲ ದಿನ ಪಾತ್ರೆಯ ಸದ್ದೂ ಸಿಡಿಲಿನಂತೆ ಕೇಳುತ್ತದೆ. "ಗರಗರ ಅಂತದೆ" ಎಂದು ತೆಗೆದಿಟ್ಟ ಯಂತ್ರಗಳು ಎಷ್ಟೋ ಮನೆಗಳ ಕಪಾಟಿನಲ್ಲಿ ಮಲಗಿವೆ. "ಹಾಕಿದರೆ ಇದ್ದ ಕಿವಿಯೂ ಹೋಗ್ತದೆ" ಎನ್ನುವವರಿಗೆ ಹೇಳಬೇಕಾದದ್ದು ಇದು: ಹಾಕದೆ ಬಿಟ್ಟ ಕಿವಿಯಲ್ಲೇ ಮಾತನ್ನು ಬಿಡಿಸಿ ತಿಳಿಯುವ ಶಕ್ತಿ ಕುಗ್ಗುತ್ತ ಹೋಗುವುದು.

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆಯನ್ನೂ ಇಲ್ಲಿ ಕಟಕಟೆಗೆ ತರುತ್ತೇನೆ. ಸಾಲ ಎಂದದ್ದು ಹಾಲು ಎಂದು ಕೇಳಿದವನು ಹಾಲಿನ ಬಗ್ಗೆಯೇ ಉತ್ತರ ಕೊಡುತ್ತಾನೆ. ಸುತ್ತಲಿನವರು ಮುಖ ಮುಖ ನೋಡಿಕೊಂಡು ನಗುತ್ತಾರೆ. ನಾಲ್ಕು ಸಲ ಹೀಗಾದ ಮೇಲೆ ಅವನು ಮಾತೇ ನಿಲ್ಲಿಸುತ್ತಾನೆ, ಮದುವೆ ಮನೆಗೆ ಹೋಗುವುದಿಲ್ಲ, ಸಂಘದ ಸಭೆಗೆ ಹೋಗುವುದಿಲ್ಲ. ಮರಳಾದದ್ದು ತಲೆಯೋ ಕಿವಿಯೋ ಯಾರೂ ನೋಡಲಿಲ್ಲ. ಒಂಟಿಯಾದ ತಲೆ ಕ್ರಮೇಣ ನಿಜವಾಗಿಯೂ ಮಂಕಾಗಬಹುದು. ಮರೆವಿನ ರೋಗಕ್ಕೆ ನಾವು ತಡೆಯಬಹುದಾದ ಕಾರಣಗಳ ಪಟ್ಟಿಯಲ್ಲಿ ಲ್ಯಾನ್ಸೆಟ್ ಆಯೋಗ ಕಿವುಡನ್ನು 2017ರಿಂದಲೂ ಸೇರಿಸಿದೆ. ಶ್ರವಣಯಂತ್ರ ಮರೆವನ್ನು ತಡೆಯುತ್ತದೆ ಎಂದು ನಾನು ಡಂಗುರ ಸಾರುವುದಿಲ್ಲ. 2023ರಲ್ಲಿ ಮುಗಿದ ಅಮೆರಿಕದ ಮೂರು ವರ್ಷದ ಪರೀಕ್ಷೆಯಲ್ಲಿ ಎಲ್ಲರನ್ನೂ ಸೇರಿಸಿ ನೋಡಿದಾಗ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯದ ಅಂಚಿನಲ್ಲಿದ್ದ ಹಿರಿಯರಲ್ಲಿ ಬುದ್ಧಿ ಕುಗ್ಗುವ ವೇಗ ಸುಮಾರು ಅರ್ಧಕ್ಕೆ ಇಳಿದಿತ್ತು. ಗಾದೆಯನ್ನು ನಂಬಿ ಕೂತವರು ಇದಕ್ಕೆ ಏನು ಹೇಳುತ್ತಾರೆ?

ನಾನು ಕೇಳುವುದು ದೊಡ್ಡದೇನಲ್ಲ. ಬೋಟು, ಕ್ವಾರಿ, ಮಿಲ್ಲು ಎಲ್ಲೇ ಕೆಲಸಕ್ಕೆ ಸೇರಲಿ, ಸೇರುವ ದಿನ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕಿವಿ ಅಳೆಯಬೇಕು. ಸಕ್ಕರೆ, ಬಿಪಿ ನೋಡುವ ಶಿಬಿರದಲ್ಲಿ ಕಿವಿಗೂ ಒಂದು ಮೇಜು ಇರಬೇಕು, ಕನಿಷ್ಠ ಗುಗ್ಗೆ ನೋಡುವ ದೀಪವಾದರೂ. ಕಿವಿಗೆ ಹಾಕುವ ರಬ್ಬರ್ ಬಿರಡೆ ಒಂದು ಕಿಲೋ ಬಾಂಗಡೆಗಿಂತ ಅಗ್ಗ. ಮತ್ತೆ, ಮನೆಯಲ್ಲಿ ಹಿರಿಯರೊಡನೆ ಮಾತಾಡುವಾಗ ಅಡುಗೆಮನೆಯಿಂದ ಕೂಗದೆ ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ನಿಧಾನವಾಗಿ ಹೇಳಬೇಕು. ಇದಕ್ಕೆ ದುಡ್ಡೂ ಬೇಡ.

ಅವತ್ತು ಸಂಜೆ ಹೊರಡುವ ಹೊತ್ತಿಗೆ ಕಾಕಾನ ಮೊಮ್ಮಗ ಬಂದರಿನಿಂದ ಬಂದ. ಅಜ್ಜನ ಕಸುಬನ್ನೇ ಹಿಡಿದವನು, ಎರಡು ವರ್ಷದಿಂದ ಬೋಟಿನ ಡ್ರೈವರ್. ಜಗುಲಿಯ ಮೂಲೆಯಲ್ಲಿ ಕೂತು ಕಿವಿಯೊಳಗೆ ಬೆರಳಿಟ್ಟು ಅಲುಗಾಡಿಸಿದ. ಏನಾಯ್ತೋ ಎಂದೆ. "ಎಂತದೂ ಇಲ್ಲ. ದಡಕ್ಕೆ ಬಂದ್ರೆ ಎರಡು ದಿನ ಗುಂಯ್ ಅಂತಿರ್ತದೆ. ಮಲಗಿದ್ರೂ ಎಂಜಿನ್ ಓಡ್ತಾ ಇದ್ದಂಗೆ."

ಅವನಿಗೆ ಇಪ್ಪತ್ತೆರಡು. ಇದಕ್ಕೂ ವಯಸ್ಸಾಯ್ತಲ್ಲ ಅನ್ನೋಣವೇ?